ಪೆಟ್ಟು ತಿಂದ ಹೆಮ್ಮೆ

ನಮ್ಮ ಸಿದ್ದಾಪುರದ ಕಡೆ ಈಚೆಗೆ ಗುರುವಂದನೆಗಳ ಭರಾಟೆ. ಹತ್ತನೇ ಕ್ಲಾಸು ಮುಗಿಸಿ ಮೂವತ್ತು ಮೂವತ್ತೈದು ವರ್ಷವಾದವರೆಲ್ಲ ಸೇರಿ, ಶಾಮಿಯಾನ ಹಾಕಿಸಿ, ಬದುಕಿರುವ ಮೇಷ್ಟ್ರುಗಳನ್ನು ಹುಡುಕಿ ತಂದು, ಶಾಲು ಹೊದಿಸಿ, ಪೇಟ ತೊಡಿಸಿ, ಫೋಟೋ ತೆಗೆಸಿಕೊಂಡು, ಊಟ ಮಾಡಿ ಹೋಗುತ್ತಾರೆ. ಒಳ್ಳೆಯದೇ. ನನ್ನ ತಕರಾರು ಅದಕ್ಕಲ್ಲ. ಅಂಥದೊಂದು ಸಮಾರಂಭದಲ್ಲಿ, ಊರಿನ ಹುಡುಗಿ ದನದ ಡಾಕ್ಟರಾದಳು ಎನ್ನುವ ಕಾರಣಕ್ಕೆ, ನನ್ನನ್ನೂ ವೇದಿಕೆಯ ತುದಿಯ ಕುರ್ಚಿಯಲ್ಲಿ ಕೂರಿಸಿದ್ದರು. ಮುಖ್ಯ ಭಾಷಣಕಾರರು ಮೈಕು ಹಿಡಿದವರೇ ತಮ್ಮ ಕಾಲದ ಮೇಷ್ಟ್ರುಗಳ ವರ್ಣನೆಗೆ ಇಳಿದರು. ಬೆರಳ ಸಂದಿಗೆ ಬಳಪ ಇಟ್ಟು ಹಿಂಡಿದವರು, ಬಿಸಿಲಲ್ಲಿ ಮಂಡಿಯೂರಿಸಿದವರು, ಹುಣಿಸೆ ಬರಲು ಮುರಿಯುವವರೆಗೂ ಬಾರಿಸಿದವರು. "ಆ ಪೆಟ್ಟಿನಿಂದಲೇ ನಾವು ಇವತ್ತು ಮನುಷ್ಯರಾಗಿದ್ದೀವಿ. ಈಗ ಕಾನೂನು ಮಾಡಿ ಮೇಷ್ಟ್ರುಗಳ ಕೈ ಕಟ್ಟಿಹಾಕಿದ್ದಾರೆ" ಎಂದರು. ಆಮೇಲೆ ಬ್ರಹ್ಮಗಿರಿಯ ದಿಕ್ಕಿಗೆ ಕೈ ತೋರಿಸಿ, "ಅಶೋಕ ಚಕ್ರವರ್ತಿಯೇ ನಮ್ಮೂರ ಬಂಡೆಯ ಮೇಲೆ ಬರೆಸಿಲ್ಲವೇ, ಶಿಷ್ಯನಾದವನು ಗುರುವಿಗೆ ತಲೆಬಾಗಬೇಕು ಅಂತ?" ಎಂದು ಕೇಳಿದರು.

ಚಪ್ಪಾಳೆಯೋ ಚಪ್ಪಾಳೆ. ಮುಂದಿನ ಸಾಲಿನಲ್ಲಿ ಮಕ್ಕಳನ್ನು ತೊಡೆಯ ಮೇಲಿಟ್ಟುಕೊಂಡು ಕೂತ ತಾಯಂದಿರೂ ತಟ್ಟಿದರು. ಸುಳ್ಳೇಕೆ ಹೇಳಲಿ, ನಾನೂ ತಟ್ಟಿದೆ. ಕೈ ತಾನಾಗಿ ಎದ್ದುಬಿಟ್ಟಿತ್ತು. ಇದೇ ಕೈ ಮೂವತ್ತು ವರ್ಷದ ಹಿಂದೆ ಹೀಗೇ ತಾನಾಗಿ ಎದ್ದು ಒಂದು ಕಾಗದಕ್ಕೆ ಸಹಿ ಹಾಕಿತ್ತು. ಆ ಸಹಿಯ ಕಥೆಯನ್ನು ಹೇಳಿಬಿಟ್ಟೇ ಜಗಳಕ್ಕೆ ಇಳಿಯುತ್ತೇನೆ. ನನ್ನದೇ ತಪ್ಪು ಬಚ್ಚಿಟ್ಟುಕೊಂಡು ಊರಿನವರಿಗೆ ಬುದ್ಧಿ ಹೇಳುವುದು ಸರಿಯಲ್ಲ.

ನಾನು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಸೇರಿದ್ದು 1991ರಲ್ಲಿ. ಅದಕ್ಕೆ ಮುಂಚೆ ನಾನು ಕಂಡಿದ್ದ ಕುದುರೆ ಎಂದರೆ ಮದುವೆ ಮೆರವಣಿಗೆಗೆ ಬಾಡಿಗೆಗೆ ಬರುವ, ಬ್ಯಾಂಡಿನ ಸದ್ದಿಗೆ ಕಣ್ಣರಳಿಸಿ ನಿಲ್ಲುವ ಬಡಪಾಯಿ. ಕುದುರೆಯ ಮೇಲೆ ಹೆಣ್ಣನ್ನು ಕಂಡಿದ್ದು ಕಿತ್ತೂರು ಚೆನ್ನಮ್ಮನ ಪ್ರತಿಮೆಯಲ್ಲಿ ಮಾತ್ರ. (ಕಂಚಿನಲ್ಲಿ ಮಾಡಿಸಿ ಸರ್ಕಲ್ಲಿನಲ್ಲಿ ನಿಲ್ಲಿಸಿದರೆ ನಮ್ಮವರು ಯಾವ ಹೆಣ್ಣಿಗೂ ಕುದುರೆ ಬಿಟ್ಟುಕೊಡುತ್ತಾರೆ.) ಎರಡನೇ ವರ್ಷದಲ್ಲಿ ಹಾಸ್ಟೆಲಿನ ಗೆಳತಿಯೊಬ್ಬಳು ಬೆಳಗಿನ ಹೊತ್ತು ಕುದುರೆ ಸವಾರಿ ಕಲಿಸುವ ಒಂದು ಮೈದಾನಕ್ಕೆ ಕರೆದೊಯ್ದಳು. ವಿದ್ಯಾರ್ಥಿಗಳಿಗೆ ಫೀಸಿನಲ್ಲಿ ರಿಯಾಯಿತಿ ಇತ್ತು. ಜಾಗದ ಹೆಸರು ಬೇಡ. ಮನೆಗೆ ಕಾಗದ ಬರೆದು ತಿಳಿಸಿದಾಗ ಅವ್ವ ಅಪ್ಪನ ಕೈಯಲ್ಲಿ ಒಂದೇ ಸಾಲು ಬರೆಸಿದ್ದಳು: "ಯಾಕವ್ವ ನಿನಗಿದು, ಬಿದ್ದು ಕಾಲು ಮುರಕೊಂಡ್ರೆ ಯಾರು ಮದುವೆ ಆಗ್ತಾರೆ?"

ಅಲ್ಲಿ ಕಲಿಸುತ್ತಿದ್ದವರು ಸೈನ್ಯದಿಂದ ನಿವೃತ್ತರಾದ ಒಬ್ಬ ಹಿರಿಯರು. ನಾವೆಲ್ಲ ರಿಸಾಲ್ದಾರ್ ಸಾಹೇಬರು ಎನ್ನುತ್ತಿದ್ದೆವು. ಬೆಳಗಿನ ಐದೂವರೆಗೆ ಮೈದಾನದ ನಡುವೆ ಕಂಬದ ಹಾಗೆ ನಿಂತಿರುತ್ತಿದ್ದರು. "ಏಡಿ ನೀಚೇ!" ಎಂದು ಅವರು ಗರ್ಜಿಸಿದರೆ ಎಂಟೂ ಕುದುರೆಗಳ ಮೇಲಿನ ಹದಿನಾರು ಹಿಮ್ಮಡಿಗಳು ಒಟ್ಟಿಗೆ ಕೆಳಗಿಳಿಯಬೇಕು. ಇಳಿಯದಿದ್ದರೆ ಉದ್ದನೆಯ ಚಾವಟಿ ಗಾಳಿಯಲ್ಲಿ ಚಟಾರೆನ್ನುತ್ತಿತ್ತು. ಅದು ಕುದುರೆಗೋ ನಮಗೋ ಎಂದು ಎರಡು ವರ್ಷವಾದರೂ ನನಗೆ ಗೊತ್ತಾಗಲಿಲ್ಲ. ಕುದುರೆ ಹೆದರಿ ಮುಂದಕ್ಕೆ ಚಿಮ್ಮುತ್ತಿತ್ತು, ನಾವು ಹೆದರಿ ಲಗಾಮು ಜಗ್ಗುತ್ತಿದ್ದೆವು. ಬಿದ್ದವರು ಅಳಬಾರದು, ಅತ್ತರೆ ಇನ್ನೂ ನಾಲ್ಕು ಸುತ್ತು. ನಾನು ಮೂರು ಸಲ ಬಿದ್ದೆ. ಮೂರನೇ ಸಲ ಭುಜದ ಎಲುಬು ಬಿರುಕುಬಿಟ್ಟಿತು. ಆವತ್ತು ಸಾಹೇಬರೇ ಅರಿಸಿನ ಹಾಕಿದ ಬಿಸಿ ಹಾಲು ತರಿಸಿ ಕುಡಿಸಿದರು. "ಶಾಬಾಶ್, ಅಳಲಿಲ್ಲ" ಎಂದರು. ಹಾಸ್ಟೆಲಿನಲ್ಲಿ ಜೋಲಿ ಕಟ್ಟಿದ ಕೈಯನ್ನು ನಾನು ಪದಕದ ಹಾಗೆ ತೋರಿಸಿಕೊಂಡು ಓಡಾಡಿದೆ.

ಅವರು ಕೆಟ್ಟವರಲ್ಲ. ನಾವು ತಿನ್ನುವ ಮುಂಚೆ ಕುದುರೆ ತಿನ್ನಬೇಕು, ಇಳಿದ ಮೇಲೆ ಅದರ ಬೆವರು ಒರೆಸಿ, ಗೊರಸು ಎತ್ತಿ ಕಲ್ಲು ಸಿಕ್ಕಿದೆಯೇ ನೋಡಿಯೇ ಲಾಯ ಬಿಡಬೇಕು ಎಂದು ಕಲಿಸಿದವರು ಅವರೇ. ಆ ಅಭ್ಯಾಸ ನನಗೆ ಇವತ್ತಿಗೂ ಅನ್ನ ಕೊಡುತ್ತಿದೆ. ಅವರನ್ನು ಕಲಿಸಿದವರು ಹಾಗೆ ಕಲಿಸಿದ್ದರು, ಇವರು ಹಾಗೇ ಮುಂದಕ್ಕೆ ದಾಟಿಸಿದರು.

1994ರಲ್ಲಿ ಅವರು ತಮ್ಮ ಊರಿಗೆ ಹೊರಟುಹೋದರು. ಅವರ ಜಾಗಕ್ಕೆ ಬಂದವರು ಒಬ್ಬ ಹೆಂಗಸು. ಮೂವತ್ತರ ಆಸುಪಾಸು, ಸಣಕಲು ಮೈ, ಮೆಲುದನಿ. ನಮ್ಮನ್ನೆಲ್ಲ "ನೀವು" ಎಂದು ಕರೆಯುತ್ತಿದ್ದರು. ಅದೇ ನಮಗೆ ಮೊದಲ ಅನುಮಾನ. ಬಂದ ದಿನವೇ ಚಾವಟಿಗಳನ್ನೆಲ್ಲ ಬೀರುವಿಗೆ ಹಾಕಿ ಬೀಗ ಜಡಿದರು. ಎರಡನೇ ದಿನ ನಮ್ಮ ರಿಕಾಪುಗಳನ್ನು ಕಳಚಿದರು. ಮೂರನೇ ದಿನ ಲಗಾಮನ್ನೂ ಕೈಯಿಂದ ತೆಗೆದುಕೊಂಡು, ಕುದುರೆಗೆ ಉದ್ದನೆಯ ಹಗ್ಗ ಕಟ್ಟಿ, ತಾವು ನಡುವೆ ನಿಂತು, ಹೊಸಬರನ್ನು ಸುತ್ತು ಹಾಕಿಸುವ ಹಾಗೆ ನಮ್ಮನ್ನು ಒಬ್ಬೊಬ್ಬರನ್ನಾಗಿ ಸುತ್ತು ಹಾಕಿಸಿದರು. ಎರಡು ವರ್ಷ ಕಲಿತವರು ನಾವು, ಗೂಟಕ್ಕೆ ಕಟ್ಟಿದ ಕರುವಿನಂತೆ ಸುತ್ತಬೇಕು! ನಾನಂತೂ ಮುಖ ಕೆಂಪಗೆ ಮಾಡಿಕೊಂಡು ಕೂತಿದ್ದೆ.

ಅದಕ್ಕಿಂತ ಕಷ್ಟವಾದದ್ದು ಅವರ ಪ್ರಶ್ನೆ. ಸುತ್ತು ಮುಗಿದ ಮೇಲೆ ಬೈಯುವುದಿಲ್ಲ, ಹೊಗಳುವುದಿಲ್ಲ. "ಈಗ ಕುದುರೆ ಏಕೆ ನಿಧಾನ ಮಾಡಿತು? ನಿಮಗೇನನ್ನಿಸಿತು?" ಎಂದು ಕೇಳಿ ಸುಮ್ಮನೆ ನಿಲ್ಲುತ್ತಿದ್ದರು. ನಮಗೇನನ್ನಿಸಿತು! ನಮ್ಮನ್ನು ಯಾರಾದರೂ ಯಾವತ್ತಾದರೂ ಹಾಗೆ ಕೇಳಿದ್ದರೇ? ಮನೆಯಲ್ಲಿ ಕೇಳಿರಲಿಲ್ಲ, ಶಾಲೆಯಲ್ಲಿ ಕೇಳಿರಲಿಲ್ಲ. ನಮ್ಮ ಗುಂಪಿನ ಒಬ್ಬ ಹುಡುಗಿ ಒಂದು ದಿನ ತಡೆಯಲಾರದೆ ಅತ್ತೇಬಿಟ್ಟಳು. "ಮೇಡಂ, ತಪ್ಪು ಏನಂತ ಬೈದು ಹೇಳಿಬಿಡಿ, ಕೇಳಬೇಡಿ" ಎಂದಳು. ಆವತ್ತು ನಾವೆಲ್ಲ ಅವಳ ಕಡೆಗೇ ಇದ್ದೆವು. ಈಗ ಆ ಮಾತು ನೆನೆದರೆ ಮೈ ಝುಮ್ಮೆನ್ನುತ್ತದೆ.

ನಮ್ಮ ಸವಾರಿ ಕೆಟ್ಟಿತು. ಇದನ್ನು ಮುಚ್ಚಿಡುವುದಿಲ್ಲ, ಏಕೆಂದರೆ ಹೊಸ ವಿಧಾನವನ್ನು ಹೊಗಳುವವರೆಲ್ಲ ಈ ಭಾಗವನ್ನು ಹಾರಿಸಿಬಿಡುತ್ತಾರೆ. ಹಿಂದೆ ಸಲೀಸಾಗಿ ಮಾಡುತ್ತಿದ್ದ ಟ್ರಾಟ್‌ನಲ್ಲಿ, ಅಂದರೆ ಕುದುರೆ ಕುಕ್ಕುತ್ತಾ ಓಡುವ ಓಟದಲ್ಲಿ, ಮೂಟೆಯ ಹಾಗೆ ಕುಪ್ಪಳಿಸಿದೆವು. ಗರ್ಜನೆ ಇದ್ದಾಗ ಇರದಿದ್ದ ಭಯ ಈಗ ಬಂತು. ಅಲ್ಲಿಯವರೆಗೆ ನಾನು ಕುದುರೆಗೆ ಹೆದರಲು ಪುರಸೊತ್ತೇ ಇರಲಿಲ್ಲ, ಸಾಹೇಬರಿಗೆ ಹೆದರುವುದರಲ್ಲೇ ಹೊತ್ತು ಹೋಗುತ್ತಿತ್ತು. ಆ ದೊಡ್ಡ ಭಯ ಹೋದ ಕೂಡಲೇ ಕೆಳಗಿದ್ದ ನಿಜವಾದ ಭಯ ಮೇಲೆ ಬಂತು: ನಾನೂರು ಕೆಜಿ ತೂಕದ ಒಂದು ಜೀವ, ಅದರ ಮನಸ್ಸು ನನಗೆ ಗೊತ್ತಿಲ್ಲ, ನಾನು ಅದರ ಬೆನ್ನ ಮೇಲಿದ್ದೇನೆ.

ಆಗಲೇ ಆ ಕಾಗದ ತಯಾರಾಯಿತು. ಮೈದಾನದ ಆಡಳಿತದವರಿಗೆ ಅರ್ಜಿ. ಏಳು ಜನರ ಸಹಿ, ಅದರಲ್ಲಿ ಮೂವರು ಹುಡುಗಿಯರು. ಕೈಬರಹ ಚೆನ್ನಾಗಿದೆ ಎಂದು ನನ್ನ ಕೈಯಲ್ಲೇ ಬರೆಸಿದರು. ಶಿಸ್ತು ಹಾಳಾಗಿದೆ, ಕಲಿತದ್ದೂ ಮರೆಯುತ್ತಿದೆ ಎಂದೆಲ್ಲ ಬರೆದು, ಕೊನೆಗೆ "ಮಹಿಳೆಯಾದ್ದರಿಂದ ಕುದುರೆಗಳ ಮೇಲೆ ಹಿಡಿತ ಸಾಲದು" ಎಂದು ಸೇರಿಸಿದ್ದು ಯಾವ ಗಂಡಸೂ ಅಲ್ಲ, ನಾನೇ. ಓದಿ ನೋಡಿದಾಗ ವಾಕ್ಯ ಗಟ್ಟಿಯಾಗಿದೆ ಎನ್ನಿಸಿತ್ತು.

ಅರ್ಜಿ ಕೊಟ್ಟು ವಾರವಾಗಿರಬಹುದು. ಮೇಡಂ ಲಾಯದಿಂದ ನನ್ನನ್ನು ಕರೆದರು. "ನೀವು ವೆಟರ್ನರಿ ಓದುವವರಲ್ಲವೇ? ಸ್ವಲ್ಪ ಇದರ ಬಾಯಿ ನೋಡಿ." ಅದು ಎರಡು ವರ್ಷದಿಂದ ನಾನೇ ಹೆಚ್ಚಾಗಿ ಹತ್ತುತ್ತಿದ್ದ ಕಂದು ಬಣ್ಣದ ಹೆಣ್ಣುಕುದುರೆ. ಕುದುರೆಯ ಬಾಯಲ್ಲಿ ಮುಂದಿನ ಹಲ್ಲುಗಳಿಗೂ ದವಡೆ ಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಖಾಲಿ ಜಾಗವಿರುತ್ತದೆ. ಕಡಿವಾಣದ ಕಬ್ಬಿಣ ಕೂರುವುದು ಅಲ್ಲೇ. ಎಲುಬಿನ ಮೇಲೆ ತೆಳ್ಳನೆಯ ಒಂದು ಪದರ ಅಷ್ಟೆ, ಮಾಂಸವೇ ಇಲ್ಲ. ಪರೀಕ್ಷೆಯಲ್ಲಿ ಇದರ ಚಿತ್ರ ಬರೆದು ಒಳ್ಳೆಯ ಅಂಕ ತೆಗೆದಿದ್ದೆ. ತುಟಿ ಸರಿಸಿ ನೋಡಿದೆ. ಎರಡೂ ಕಡೆ ಹಳೆಯ ಗಾಯ ಮಾಗಿ ಗಂಟುಕಟ್ಟಿತ್ತು. ಎಡಗಡೆ ಹಸಿ ಹುಣ್ಣು. ನನ್ನ ಎಡಗೈ ಲಗಾಮನ್ನು ಹೆಚ್ಚು ಜಗ್ಗುತ್ತದೆ ಎಂದು ರಿಸಾಲ್ದಾರ್ ಸಾಹೇಬರು ನೂರು ಸಲ ಕೂಗಿದ್ದರು. ಕೂಗಿದಾಗಲೆಲ್ಲ ನಾನು ಬೆಚ್ಚಿ ಇನ್ನಷ್ಟು ಜಗ್ಗಿದ್ದೆ. ಜಗ್ಗಿದ ಕೈಯ ಇನ್ನೊಂದು ತುದಿಯಲ್ಲಿ ಏನಿದೆ ಎಂದು ಅವರೂ ತೋರಿಸಲಿಲ್ಲ, ನಾನೂ ನೋಡಲಿಲ್ಲ. ದನದ ಡಾಕ್ಟರಾಗಲು ಬಂದವಳು!

ಮೇಡಂ ಒಂದು ಮಾತೂ ಆಡಲಿಲ್ಲ. ಔಷಧಿಯ ಬಾಟಲಿ ಕೈಗೆ ಕೊಟ್ಟು ಹೋದರು.

ಆ ಹುಣ್ಣು ಮಾಗುವವರೆಗೆ ಆ ಕುದುರೆಯನ್ನು ಕಡಿವಾಣವಿಲ್ಲದೆ, ಬರೀ ಮೂತಿಗೆ ಹಗ್ಗ ಹಾಕಿ ನಡೆಸುತ್ತಾ ನಾನು ಅ ಆ ಇ ಈ ಇಂದ ಶುರು ಮಾಡಿದೆ. ಕುದುರೆಗೆ ಕಲಿಸುವ ಗುಟ್ಟು ಬಹಳ ಸಣ್ಣದು. ಕಾಲಿನಿಂದ ಮೆಲ್ಲಗೆ ಒತ್ತುತ್ತೀರಿ. ಕುದುರೆ ಒಂದು ಹೆಜ್ಜೆ ಇಟ್ಟ ತಕ್ಷಣ, ತಕ್ಷಣವೇ, ಒತ್ತುವುದನ್ನು ಬಿಡಬೇಕು. ಅದು ಕಲಿಯುವುದು ಒತ್ತಿದ್ದರಿಂದ ಅಲ್ಲ, ಬಿಟ್ಟಿದ್ದರಿಂದ. ಬಿಡುವುದು ಒಂದು ಕ್ಷಣ ತಡವಾದರೂ ತಾನು ಮಾಡಿದ ಯಾವ ಕೆಲಸಕ್ಕೆ ಬಿಡುಗಡೆ ಸಿಕ್ಕಿತು ಎಂದು ಅದಕ್ಕೆ ತಿಳಿಯದು. ಬಿಡದೇ ಒತ್ತುತ್ತಲೇ ಇದ್ದರೆ ಚರ್ಮ ಮರಗಟ್ಟಿ, ನಾಳೆ ಇನ್ನೂ ಜೋರಾಗಿ ಒದೆಯಬೇಕು, ನಾಡಿದ್ದು ಚಾವಟಿ ಬೇಕು. ಇನ್ನು ತಪ್ಪಾಗಿ ಎಷ್ಟೋ ಹೊತ್ತಾದ ಮೇಲೆ ಬೀಳುವ ಪೆಟ್ಟಿನಿಂದ ಅದು ಕಲಿಯುವುದು ಒಂದೇ: ಈ ಮನುಷ್ಯ ಹತ್ತಿರ ಬಂದರೆ ನೋವಾಗುತ್ತದೆ. ನೀವು ಮನೆಯಲ್ಲಿ ಮಕ್ಕಳನ್ನು ಸಾಕಿದವರು, ಇದರ ಮುಂದಿನ ಮಾತು ನಿಮಗೆ ನಾನು ಬಿಡಿಸಿ ಹೇಳಬೇಕೇ?

ಸರಿಸುಮಾರು ನಾಲ್ಕು ತಿಂಗಳು ಹಿಡಿಯಿತು. ಕಲಿಯುವುದಕ್ಕಲ್ಲ, ಕಲಿತದ್ದನ್ನು ಕಳಚುವುದಕ್ಕೆ. ಒಂದು ದಿನ ಬೆಳಿಗ್ಗೆ ಟ್ರಾಟ್‌ನಲ್ಲಿ ಹೋಗುತ್ತಿದ್ದಾಗ ನಿಲ್ಲಿಸಬೇಕೆಂದುಕೊಂಡೆ. ಲಗಾಮು ಎಳೆಯುವ ಮುಂಚೆ ಉಸಿರು ಬಿಟ್ಟು ಸೊಂಟವನ್ನು ಜೀನಿನಲ್ಲಿ ಇಳಿಬಿಟ್ಟೆ, ಅಷ್ಟೆ. ಕುದುರೆ ನಿಂತಿತು. ಕಿವಿ ಹಿಂದಕ್ಕೆ ತಿರುಗಿಸಿ ಮತ್ತೇನು ಎಂಬಂತೆ ಕಾದಿತ್ತು. ಮೇಡಂ ಆ ಕಡೆ ಮತ್ತೊಬ್ಬರಿಗೆ ಹೇಳಿಕೊಡುತ್ತಿದ್ದರು, ನೋಡಲಿಲ್ಲ. ನೋಡಲಿ ಎಂದು ನನಗೂ ಅನ್ನಿಸಲಿಲ್ಲ. ಎರಡು ವರ್ಷದಲ್ಲಿ ಮೊದಲ ಬಾರಿಗೆ ನಾನು ಯಾರಿಗೂ ತೋರಿಸಲಿಕ್ಕಲ್ಲದೆ ಸವಾರಿ ಮಾಡಿದ್ದೆ.

ಅರ್ಜಿ ಏನಾಯಿತೆಂದರೆ, ಆಡಳಿತದವರು ಅದನ್ನು ಎಲ್ಲೋ ಹಾಕಿ ಮರೆತರು. ನಾನು ಸಹಿ ವಾಪಸು ಪಡೆಯಲಿಲ್ಲ, ಮೇಡಂ ಬಳಿ ಹೋಗಿ ಹೇಳಲೂ ಇಲ್ಲ. ಕಾಲೇಜು ಮುಗಿಸಿ ಹೊರಡುವ ವರ್ಷ ಅಲ್ಲಿನ ಗುಮಾಸ್ತರು ಮಾತಿನ ಮಧ್ಯೆ, "ನಿಮ್ಮ ಅಕ್ಷರ ಮುತ್ತಿನ ಹಾಗಿದೆ ಅಂತ ಮೇಡಂ ಆವತ್ತೇ ಹೇಳಿದ್ದರು ಕಣಮ್ಮ" ಎಂದುಬಿಟ್ಟರು. ಯಾವತ್ತು ಎಂದು ಕೇಳಿದೆ. ಅರ್ಜಿ ಬಂದ ದಿನವೇ ಅವರಿಗೆ ತೋರಿಸಿದ್ದರಂತೆ. ಅಂದರೆ ಕುದುರೆಯ ಬಾಯಿ ತೋರಿಸಿದಾಗ, ಔಷಧಿ ಕೊಟ್ಟಾಗ, ನಾಲ್ಕು ತಿಂಗಳು ನನ್ನ ಹಗ್ಗ ಹಿಡಿದು ಮೈದಾನದ ನಡುವೆ ನಿಂತಾಗ, ಅಷ್ಟೂ ಹೊತ್ತು ಅವರಿಗೆ ಗೊತ್ತಿತ್ತು.

ಈಗ ಜಗಳಕ್ಕೆ ಬರುತ್ತೇನೆ.

ಪೆಟ್ಟು ತಿಂದು ಕಲಿತವರೆಲ್ಲ ಪೆಟ್ಟಿನ ಪರವಾಗಿ ಸಾಕ್ಷಿ ಹೇಳುವುದೇಕೆ? ಪೆಟ್ಟು ಬೇಕಿರಲಿಲ್ಲ ಎಂದು ಒಪ್ಪಿಕೊಂಡರೆ ನಾವು ತಿಂದದ್ದೆಲ್ಲ ದಂಡ ಎಂದಾಗುತ್ತದಲ್ಲ, ಆ ಸಂಕಟಕ್ಕೆ. ನನ್ನ ಬಿರುಕುಬಿಟ್ಟ ಎಲುಬಿಗೆ ಒಂದು ಅರ್ಥ ಬೇಕಿತ್ತು. ಮೇಡಂ ನಗುನಗುತ್ತಾ ಅದೇ ವಿದ್ಯೆ ಕಲಿಸಿಬಿಟ್ಟರೆ ನನ್ನ ಎಲುಬು ಸುಮ್ಮನೆ ಬಿರುಕುಬಿಟ್ಟ ಹಾಗಾಯಿತು! ಅರ್ಜಿ ಬರೆಸಿದ್ದು ಈ ಹೊಟ್ಟೆಯುರಿ. ನೀವು ಯೋಚಿಸಿ ನೋಡಿ, ಇದು ಕುದುರೆ ಮೈದಾನದ ಕಥೆ ಮಾತ್ರವೇ? ಸೌಟಿನ ಏಟು ತಿಂದು ರೊಟ್ಟಿ ಬಡಿಯಲು ಕಲಿತ ಸೊಸೆ, ಅತ್ತೆಯಾದಾಗ ಹೇಳುವುದೇನು? "ನಾವೆಲ್ಲ ಹಾಗೇ ಕಲಿತೋರು." ಹೆರಿಗೆ ಕೋಣೆಯಲ್ಲಿ ನೋವು ತಿನ್ನುವ ಹುಡುಗಿಯ ಮೇಲೆ ಕೂಗಾಡುವ ಆಯಾ ಹೇಳುವುದೇನು? ಅದನ್ನೇ. ನೋವನ್ನು ಆಸ್ತಿಯ ಹಾಗೆ ಮುಂದಿನವರಿಗೆ ಬಿಟ್ಟುಹೋಗುವುದರಲ್ಲಿ ನಾವು ಹೆಂಗಸರು ಗಂಡಸರಿಗಿಂತ ಹಿಂದೆ ಬಿದ್ದಿಲ್ಲ.

2021ರ ಆಗಸ್ಟಿನಲ್ಲಿ ಟೋಕಿಯೋ ಒಲಿಂಪಿಕ್ಸ್ ನಡೆಯಿತಲ್ಲ, ಅದರಲ್ಲಿ ಒಂದು ದೃಶ್ಯವನ್ನು ಟೀವಿಯಲ್ಲಿ ಕಂಡು ನಾನು ಎದ್ದು ನಿಂತಿದ್ದೆ. ಮಾಡರ್ನ್ ಪೆಂಟಾಥ್ಲಾನ್ ಎಂಬ ಐದು ಆಟಗಳ ಸ್ಪರ್ಧೆ. ಕತ್ತಿವರಸೆ, ಈಜು ಮುಗಿಸಿ ಮೊದಲ ಸ್ಥಾನದಲ್ಲಿದ್ದ ಜರ್ಮನಿಯ ಆನಿಕಾ ಶ್ಲೊಯ್ ಎಂಬಾಕೆಗೆ ಚೀಟಿ ಎತ್ತಿ ಕೊಟ್ಟ ಕುದುರೆಯ ಹೆಸರು ಸೇಂಟ್ ಬಾಯ್. ಆ ಸ್ಪರ್ಧೆಯಲ್ಲಿ ಕುದುರೆಯ ಜೊತೆ ಪರಿಚಯಕ್ಕೆ ಇಪ್ಪತ್ತೇ ನಿಮಿಷ. ಆ ದಿನ ಕುದುರೆ ಹೆದರಿ ಹೆಜ್ಜೆ ಕೀಳಲೊಲ್ಲದು, ಮೇಲೆ ಕೂತ ಹೆಣ್ಣು ಗಳಗಳ ಅಳುತ್ತಿದ್ದಾಳೆ, ಬೇಲಿಯಾಚೆ ನಿಂತ ತರಬೇತುದಾರರು ಹೊಡಿ ಹೊಡಿ ಎಂದು ಕೂಗುತ್ತಿದ್ದಾರೆ. ಅವರೇ ಮುಷ್ಟಿಯಿಂದ ಕುದುರೆಗೆ ಗುದ್ದಿದ್ದೂ ಆಯಿತು. ಆ ತರಬೇತುದಾರರು ಕಿಮ್ ರೈಸ್ನರ್, ಅವರೂ ಹೆಂಗಸೇ. ಅವರನ್ನು ಕ್ರೀಡಾಕೂಟದಿಂದ ಹೊರಗೆ ಹಾಕಿದರು. ಮೊದಲ ಸ್ಥಾನದಲ್ಲಿದ್ದಾಕೆ 31ನೆಯವಳಾದಳು. 2024ರ ಪ್ಯಾರಿಸ್ ಆದಮೇಲೆ ಆ ಸ್ಪರ್ಧೆಯಿಂದ ಕುದುರೆ ಸವಾರಿಯನ್ನೇ ತೆಗೆದುಹಾಕಿದ್ದಾರೆ. ಹೆದರಿದ ಕುದುರೆಯ ಮೇಲೆ ಹೆದರಿದ ಹುಡುಗಿ, ಹೊರಗಿಂದ ಗರ್ಜನೆ. ನನಗೆ 1993ರ ನನ್ನದೇ ಬೆನ್ನು ಕಂಡ ಹಾಗಾಯಿತು.

ಅದೇ ಟೋಕಿಯೋದಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ ಇಪ್ಪತ್ತು ವರ್ಷದ ಮೇಲೆ ಭಾರತದಿಂದ ಹೋದ ಮೊದಲ ಸವಾರರಾಗಿ 23ನೇ ಸ್ಥಾನ ಪಡೆದರು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಡ್ರೆಸಾಜ್ ಎಂಬ ಸವಾರಿ ಸ್ಪರ್ಧೆಯ ತಂಡದ ಚಿನ್ನ ನಮಗೆ ಬಂತು, 41 ವರ್ಷದ ನಂತರ ಕುದುರೆ ಸವಾರಿಯಲ್ಲಿ ಸಿಕ್ಕ ಚಿನ್ನ. ನಾಲ್ವರ ತಂಡದಲ್ಲಿ ಇಬ್ಬರು ಹುಡುಗಿಯರು, ಸುದೀಪ್ತಿ ಹಜೇಲಾ ಮತ್ತು ದಿವ್ಯಕೃತಿ ಸಿಂಗ್. ಆ ಸ್ಪರ್ಧೆಯಲ್ಲಿ ಸವಾರ ಬಾಯಿ ಬಿಟ್ಟು ಕುದುರೆಗೆ ಏನಾದರೂ ಹೇಳಿದರೂ ಅಂಕ ಹೋಗುತ್ತದೆ. ಗರ್ಜಿಸುವುದಿರಲಿ, ಪಿಸುಗುಟ್ಟುವಂತೆಯೂ ಇಲ್ಲ.

"ಇದೆಲ್ಲ ಫಾರಿನ್ ಶೋಕಿ, ನಮ್ಮ ಪದ್ಧತಿಯೇ ಬೇರೆ" ಎನ್ನುವವರಿದ್ದಾರೆ. ಅವರನ್ನು ನಾನು ದೂರ ಕರೆದೊಯ್ಯುವುದಿಲ್ಲ, ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮ್ಯಾಸನಾಯಕರ ದೇವರ ಎತ್ತುಗಳ ಗೂಡಿಗೆ ಬನ್ನಿ ಎನ್ನುತ್ತೇನೆ. ನಾನು ಅಲ್ಲಿಗೆ ಲಸಿಕೆ ಹಾಕಲು ಹೋದವಳು. ಮೂಗುದಾರ ಕಾಣದ, ನೊಗ ಕಾಣದ ಎತ್ತುಗಳು, ಹೊಸಬರು ಹತ್ತಿರ ಹೋದರೆ ಕೊಂಬು ತಗ್ಗಿಸುತ್ತವೆ. ಕಿಲಾರಿ ಒಂದು ಕೂಗು ಹಾಕಿದರೆ ಹಿಂಡಿಗೆ ಹಿಂಡೇ ತಿರುಗುತ್ತದೆ. ಆ ಕಿಲಾರಿ ಯಾವ ಫಾರಿನ್ನಿಗೆ ಹೋಗಿ ಬಂದಿದ್ದಾನೆ?

ಇನ್ನು ಬಂಡೆಯ ಮಾತು. ಭಾಷಣಕಾರರು ಅದನ್ನು ಓದಿದ್ದಾರೋ ಇಲ್ಲವೋ, ನಾನು ಆ ಬಂಡೆಗಳ ನೆರಳಲ್ಲಿ ಬೆಳೆದವಳು. ಬ್ರಹ್ಮಗಿರಿಯದನ್ನು ನಮ್ಮಜ್ಜಿ ಅಕ್ಷರಗುಂಡು ಎನ್ನುತ್ತಿದ್ದಳು. ಅದನ್ನು ತೊಳೆದ ನೀರು ಕುಡಿಸಿದರೆ ದನದ ಕಾಯಿಲೆ ವಾಸಿಯಾಗುತ್ತದೆ ಎಂದು ಹಿಂದಿನವರು ನಂಬಿದ್ದರಂತೆ. (ಡಾಕ್ಟರಾಗಿ ನಾನು ಇದನ್ನು ಶಿಫಾರಸು ಮಾಡುವುದಿಲ್ಲ.) 1892ರಲ್ಲಿ ಬಿ.ಎಲ್. ರೈಸ್ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಮೂರೂ ಕಡೆಯ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆಜ್ಞೆ ಅದು. ಚಪಡ ಎಂಬ ಲಿಪಿಕಾರ ಬರೆದದ್ದು. ಅದರಲ್ಲಿ ಶಿಷ್ಯ ಆಚಾರ್ಯನನ್ನು ಗೌರವಿಸಬೇಕೆಂಬ ಮಾತು ಇರುವುದು ನಿಜ. ಆದರೆ ಆ ಮಾತು ಬರುವುದು ಕೊನೆಕೊನೆಗೆ. ಅದಕ್ಕೆ ಮುಂಚೆ ತಾಯಿತಂದೆಯರ, ಹಿರಿಯರ ಮಾತಿದೆ. ಆಮೇಲೆ ಪ್ರಾಣಿಗಳ ಮೇಲಿನ ದಯೆಯಲ್ಲಿ ಗಟ್ಟಿಯಾಗಿ ನಿಲ್ಲಬೇಕು ಎಂದಿದೆ, ಸತ್ಯ ನುಡಿಯಬೇಕು ಎಂದಿದೆ. ಅಲ್ಲಿಂದ ಮುಂದೆ ಆಚಾರ್ಯ. ನಮ್ಮ ಊರಿನ ಕಲ್ಲಿನಲ್ಲೇ ಮೇಷ್ಟ್ರಿಗಿಂತ ಮೊದಲು ಮೂಕಪ್ರಾಣಿ ಬಂದಿದೆ. ಭಾಷಣದಲ್ಲಿ ಈ ಸಾಲು ಮಾತ್ರ ಎಲ್ಲಿ ಹೋಯಿತು?

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಇದೇ ಆಜ್ಞೆಯ ಇನ್ನೊಂದು ಪಾಠ ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿದೆ, ಗುತ್ತಿಯ ಹತ್ತಿರ. ಅಲ್ಲಿ ಅಧಿಕಾರಿಗಳಿಗೆ ಹೇಳಿರುವುದು ಶಿಷ್ಯರ ಕರ್ತವ್ಯವನ್ನಷ್ಟೇ ಅಲ್ಲ. ಆನೆ ಏರುವವರು, ಲೆಕ್ಕಪತ್ರ ಬರೆಯುವವರು, ಬಂಡಿಗೆ ಹೂಡುವ ಕುದುರೆಗಳನ್ನು ಪಳಗಿಸುವ ಆಚಾರ್ಯರು, ಬ್ರಾಹ್ಮಣರು, ಇವರನ್ನೆಲ್ಲ ಹೆಸರಿಸಿ, ನೀವು ನಿಮ್ಮ ಶಿಷ್ಯರಿಗೆ ಹಿಂದಿನ ಒಳ್ಳೆಯ ಪದ್ಧತಿಯಂತೆ ಕಲಿಸಬೇಕು ಎಂದು ಆಜ್ಞೆ ಮಾಡಿದೆ. ಕುದುರೆ ಕಲಿಸುವವನಿಗೇ ನೇರವಾಗಿ! ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಒಬ್ಬ ರಾಜ, ಕಲಿಸುವವರ ಮೇಲೂ ಒಂದು ಹೊಣೆ ಹೊರಿಸಿದ್ದಾನೆ. ಶಿಷ್ಯರ ಕಟ್ಟಳೆ ನಮ್ಮೂರಿಗೆ ಬಂತು, ಕಲಿಸುವವರ ಕಟ್ಟಳೆ ಗಡಿಯಾಚೆಗೆ ಉಳಿಯಿತು, ನಾವು ಅರ್ಧ ಕಾಗದ ಓದಿಕೊಂಡು ಚಪ್ಪಾಳೆ ತಟ್ಟುತ್ತಿದ್ದೇವೆ. 2009ರ ಶಿಕ್ಷಣ ಹಕ್ಕು ಕಾಯಿದೆ ಮಕ್ಕಳಿಗೆ ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದಾಗ ಮೇಷ್ಟ್ರ ಕೈ ಕಟ್ಟಿದರು ಎಂದು ಗೋಳಾಡಿದವರು, ಕೈಯೊಂದನ್ನು ಬಿಟ್ಟರೆ ಮೇಷ್ಟ್ರಿಗೆ ಬೇರೇನೂ ಇಲ್ಲ ಎಂದು ಅವಮಾನ ಮಾಡುತ್ತಿದ್ದಾರೆ. ಅದಾದರೂ ಅವರಿಗೆ ಹೊಳೆಯಬೇಡವೇ?

ಸಡಿಲ ಬಿಟ್ಟರೆ ಮಕ್ಕಳು ಕೆಡುತ್ತಾರೆ ಎನ್ನುತ್ತೀರಿ. ಮೇಡಂ ಸಡಿಲ ಬಿಟ್ಟವರಲ್ಲ. ಹೆಲ್ಮೆಟ್ಟಿಲ್ಲದೆ ಯಾರನ್ನೂ ಹತ್ತಲು ಬಿಟ್ಟಿಲ್ಲ. ಜೀನಿನ ಹೊಟ್ಟೆಪಟ್ಟಿ ಬಿಗಿದಿದೆಯೇ ಎಂದು ನೋಡದೆ ಹತ್ತಿದ ದೊಡ್ಡ ಮನೆಯ ಹುಡುಗನೊಬ್ಬನನ್ನು, ಅವರಪ್ಪ ಕಾರಿನಲ್ಲಿ ಕಾಯುತ್ತಿದ್ದಾಗಲೇ, ಇಳಿಸಿ ಒಂದು ವಾರ ಬರಬೇಡಿ ಎಂದು ಕಳಿಸಿದರು. ದನಿ ಏರಿಸಲಿಲ್ಲ. ಆ ಹುಡುಗ ಮತ್ತೆಂದೂ ಪಟ್ಟಿ ನೋಡದೆ ಹತ್ತಲಿಲ್ಲ. ರಿಸಾಲ್ದಾರ್ ಸಾಹೇಬರ ಕಾಲದಲ್ಲಿ ಅವರು ಬೆನ್ನು ತಿರುಗಿಸಿದಾಗ ನಾವೆಲ್ಲ ಹಿಮ್ಮಡಿ ಮೇಲೆತ್ತಿ ಹರಟೆ ಹೊಡೆಯುತ್ತಿದ್ದೆವು. ಯಾವುದು ಶಿಸ್ತು, ನೀವೇ ಹೇಳಿ.

ಮೊನ್ನೆ ಭಾನುವಾರ ಅಣ್ಣನ ಮಗಳು ಸಿದ್ದಾಪುರದ ರಸ್ತೆಯಲ್ಲಿ ಸ್ಕೂಟರ್ ಕಲಿಯುತ್ತಿದ್ದಳು. ಅಣ್ಣ ಹಿಂದಿನಿಂದ ಓಡುತ್ತಾ, "ಬ್ರೇಕ್ ಹಿಡಿಯೇ! ಎಷ್ಟು ಸಲ ಹೇಳ್ಬೇಕು ನಿಂಗೆ!" ಎಂದು ರಸ್ತೆಗೆಲ್ಲ ಕೇಳುವಂತೆ ಕೂಗುತ್ತಿದ್ದ. ಅವನು ಕೂಗಿದಾಗಲೆಲ್ಲ ಸ್ಕೂಟರ್ ನಿಲ್ಲುವ ಬದಲು ಮುಂದಕ್ಕೆ ನೆಗೆಯುತ್ತಿತ್ತು. ಇವಳಿಗೆ ಜನ್ಮದಲ್ಲಿ ಬರಲ್ಲ ಎಂದು ಅವನ ತೀರ್ಮಾನ. ನಾನು ಅವನ ಕೈಗೆ ಫ್ಲಾಸ್ಕು ಕೊಟ್ಟು, ಹೋಟೆಲಿಂದ ಟೀ ತಗೊಂಬಾ ಎಂದು ಕಳಿಸಿದೆ. ಆಮೇಲೆ ಹುಡುಗಿಯನ್ನು ಕೇಳಿದೆ, ಗಾಡಿ ಯಾಕೆ ನೆಗೀತು, ನಿನಗೇನನ್ನಿಸ್ತು ಅಂತ. ಅವಳು ಸ್ವಲ್ಪ ಹೊತ್ತು ತನ್ನ ಬಲಗೈಯನ್ನೇ ನೋಡಿಕೊಂಡಳು. "ಅತ್ತೆ, ಅಪ್ಪ ಕೂಗಿದ ತಕ್ಷಣ ಮೈ ಬೆಚ್ಚುತ್ತೆ, ಕೈ ಗಟ್ಟಿ ಹಿಡ್ಕೊಂಡು ಆಕ್ಸಿಲರೇಟರ್ ತಾನೇ ತಿರುಗಿಬಿಡುತ್ತೆ" ಎಂದಳು.

ಅಣ್ಣ ಟೀ ಹಿಡಿದು ಬರುವ ಹೊತ್ತಿಗೆ ಅವಳು ಬಂಡೆಗಳ ತಿರುವು ದಾಟಿ ಹೋಗಿ, ತಿರುಗಿಸಿಕೊಂಡು ಬರುತ್ತಿದ್ದಳು.